ಸೋರುವ ಸೂರನ್ನು ಸೋರುವಂತೆಯೇ ಉಳಿಸಬೇಕೆ?

ಹಳೆಯ ವಸ್ತುವೊಂದನ್ನು ‘ಮೊದಲಿದ್ದ ಹಾಗೆ’ ಮಾಡುತ್ತೇವೆ ಎನ್ನುವಾಗ ನಾವು ಯಾವ ‘ಮೊದಲಿ’ನ ಬಗ್ಗೆ ಮಾತನಾಡುತ್ತಿರುತ್ತೇವೆ? ಅದು ತಯಾರಾದ ದಿನದ ಸ್ಥಿತಿಯೇ, ತಯಾರಿಸಿದವರ ಮನಸ್ಸಿನಲ್ಲಿದ್ದ ಚಿತ್ರವೇ, ಅಥವಾ ಇಷ್ಟು ವರ್ಷ ಬಾಳಿ ನಮ್ಮ ಕೈಗೆ ಬಂದಿರುವ ರೂಪವೇ? ದೇವಾಲಯ, ವರ್ಣಚಿತ್ರ, ಓಲೆಗರಿಗಳ ಸಂದರ್ಭದಲ್ಲಿ ಈ ಪ್ರಶ್ನೆ ಕೇಳುವುದು ರೂಢಿ. ಇಲ್ಲಿ ಅದನ್ನು ಒಂದು ಕಾರಿನ ಮಾಡಿನ ಬಗ್ಗೆ ಕೇಳುತ್ತೇನೆ. ಏಕೆಂದರೆ ಈ ಮಾಡು ಹೊಸದಿದ್ದಾಗಲೇ ಸೋರುತ್ತಿತ್ತು ಎಂಬ ಹೆಸರು ಪಡೆದದ್ದು. ಹುಟ್ಟಿನಿಂದಲೇ ದೋಷವಿರುವ ವಸ್ತುವಿನ ಮುಂದೆ ‘ಮೊದಲಿದ್ದ ಹಾಗೆ’ ಎಂಬ ನಮ್ಮ ಮಾತು ತಡವರಿಸುತ್ತದೆ.

ಕಾರು 1968ರ ಷೆವರ್ಲೆ ಕಾರ್ವೆಟ್. ಅಮೆರಿಕದ ಈ ಎರಡು ಆಸನಗಳ ಸ್ಪೋರ್ಟ್ಸ್ ಕಾರಿನ ಮೂರನೇ ಪೀಳಿಗೆ ಅದೇ ವರ್ಷ ಶುರುವಾಗಿ 1982ರವರೆಗೆ ನಡೆಯಿತು. ಅದರ ಮಾಡಿನಲ್ಲಿ ಚಾಲಕನ ತಲೆಯ ಮೇಲೊಂದು, ಜೊತೆಗಾರನ ತಲೆಯ ಮೇಲೊಂದು, ಹೀಗೆ ಎರಡು ಹಲಗೆಗಳಿವೆ. ಒಳಗಿನಿಂದ ಚಿಲಕ ಬಿಡಿಸಿ ಹಲಗೆಯನ್ನು ಕೈಯಿಂದ ಎತ್ತಿ ತೆಗೆಯಬಹುದು. ತೆಗೆದದ್ದನ್ನು ಆಸನಗಳ ಹಿಂದಿನ ಜಾಗದಲ್ಲಿ ಪಟ್ಟಿ ಬಿಗಿದು ಇಡಬಹುದು. ಎರಡೂ ಹಲಗೆಗಳನ್ನು ತೆಗೆದ ಮೇಲೆ ಮುಂಗಾಜಿನ ಚೌಕಟ್ಟಿನಿಂದ ಹಿಂದಿನ ಕಮಾನಿನವರೆಗೆ ನಡುವೆ ಒಂದು ತೊಲೆ ಮಾತ್ರ ಉಳಿಯುತ್ತದೆ. ಮೇಲಿನಿಂದ ನೋಡಿದರೆ ಅದು ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಕಾಣುವುದರಿಂದ ಈ ಬಗೆಯ ಮಾಡಿಗೆ ಟಿ-ಟಾಪ್ ಎಂಬ ಹೆಸರು ಬಂತು. ಕಲ್ಪನೆ ಮಾತ್ರ ಇನ್ನೂ ಹಳೆಯದು. ಗೋರ್ಡನ್ ಬ್ಯೂರಿಗ್ ಎಂಬ ವಿನ್ಯಾಸಕಾರ 1948ರ ಟಾಸ್ಕೊ ಎಂಬ ಮಾದರಿ ಕಾರಿನಲ್ಲಿ ಇದನ್ನು ಬಳಸಿ, 1951ರಲ್ಲಿ ಪೇಟೆಂಟ್ ಪಡೆದಿದ್ದ.

ಅರವತ್ತರ ದಶಕದ ಕೊನೆಯಲ್ಲಿ, ಮಾಡು ಪೂರ್ತಿ ಬಿಚ್ಚಿಕೊಳ್ಳುವ ಕನ್ವರ್ಟಿಬಲ್ ಕಾರುಗಳನ್ನು ಸುರಕ್ಷತೆಯ ಕಾರಣಕ್ಕೆ ಅಮೆರಿಕದ ಸರ್ಕಾರ ನಿಷೇಧಿಸಬಹುದು ಎಂಬ ಭಯ ಕಾರು ತಯಾರಕರಲ್ಲಿತ್ತು. ಜರ್ಮನಿಯ ಪೋರ್ಷೆ 1965ರಲ್ಲಿ ತೋರಿಸಿದ ‘ಟಾರ್ಗಾ’ ಕಾರಿನ ಉಕ್ಕಿನ ಕಮಾನಿಗೂ ಆ ಭಯವೇ ಒಂದು ಕಾರಣ. ಆಕಾಶವೂ ಬೇಕು, ತಲೆಯೂ ಉಳಿಯಬೇಕು ಎಂಬ ಈ ಎರಡು ಆಸೆಗಳ ನಡುವಿನ ರಾಜಿಯೇ ಕಳಚಿಡಬಹುದಾದ ಮಾಡು. ರಾಜಿಗೆ ತೆರಬೇಕಾದ ಬೆಲೆಯೂ ಇತ್ತು. ಇಡಿಯಾದ ಮಾಡಿಗೆ ಸಂದುಗಳೇ ಇರುವುದಿಲ್ಲ. ಟಿ-ಟಾಪ್‌ನಲ್ಲಾದರೋ ಪ್ರತಿ ಹಲಗೆಯ ನಾಲ್ಕೂ ಬದಿ ಸಂದುಗಳೇ. ಮುಂಗಾಜಿನ ಚೌಕಟ್ಟು, ನಡುವಿನ ತೊಲೆ, ಹಿಂದಿನ ಕಮಾನು, ಬಾಗಿಲಿನ ಗಾಜು, ಇಷ್ಟೂ ಒಂದನ್ನೊಂದು ಸಂಧಿಸುವ ಮೂಲೆಗಳಲ್ಲಿ ನೀರನ್ನು ತಡೆಯಬೇಕಾದದ್ದು ರಬ್ಬರಿನ ಪಟ್ಟಿಗಳು ಮಾತ್ರ. ರಬ್ಬರು ಗಟ್ಟಿಯಾಗುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಹೊಸದಾಗಿದ್ದಾಗಲೂ ಎರಡು ಪಟ್ಟಿಗಳು ಸೇರುವ ಮೂಲೆ ಕೂದಲೆಳೆಯಷ್ಟು ತಪ್ಪಿದರೆ ಮಳೆಯ ಹನಿ ಚಾಲಕನ ತೊಡೆಯ ಮೇಲೆ ಬೀಳುತ್ತದೆ.

ಇಂತಹ ಮಾಡಿನ ಜೀರ್ಣೋದ್ಧಾರಕ್ಕೆ ಕೈ ಹಾಕಿದವರ ಕೆಲಸ ಹೊರಗಿನವರಿಗೆ ಕಾಣುವುದಕ್ಕಿಂತ ನಿಧಾನದ್ದು. ಹಳೆಯ ರಬ್ಬರನ್ನು ಕಿತ್ತು, ದಶಕಗಳ ಅಂಟನ್ನು ಕೆರೆದು ತೆಗೆಯಬೇಕು. ಹೊಸ ಪಟ್ಟಿಯನ್ನು ಅಂಟಿಸುವ ಮೊದಲು ಒಣದಾಗಿಯೇ ಕೂರಿಸಿ ನೋಡಬೇಕು. ಬಾಗಿಲಿನ ಗಾಜು ಸರಿಯಾದ ಎತ್ತರಕ್ಕೆ, ಸರಿಯಾದ ವಾಲಿಗೆ ಬರುವ ತನಕ ಮಾಡಿನ ಪಟ್ಟಿಯನ್ನು ದೂರಿ ಪ್ರಯೋಜನವಿಲ್ಲ. ಚಿಲಕ ಸಡಿಲವಾದರೆ ರಬ್ಬರು ಒತ್ತುವುದಿಲ್ಲ. ಅತಿ ಬಿಗಿಯಾದರೆ ಬೇಗ ಸಾಯುತ್ತದೆ. ರಬ್ಬರಿಗೆ ಸೀಮೆಸುಣ್ಣ ಸವರಿ, ಹಲಗೆ ಮುಚ್ಚಿ ತೆಗೆದು, ಸುಣ್ಣ ಎಲ್ಲಿ ಅಂಟಿದೆ ಎಲ್ಲಿ ಅಂಟಿಲ್ಲ ಎಂದು ನೋಡುತ್ತಾರೆ. ಸಂದಿನಲ್ಲಿ ಕಾಗದದ ಚೂರು ಸಿಕ್ಕಿಸಿ ಎಳೆದು, ಎಲ್ಲಿ ಸಲೀಸಾಗಿ ಜಾರುತ್ತದೋ ಅಲ್ಲಿ ನೀರು ಬರುತ್ತದೆ ಎಂದು ತಿಳಿಯುತ್ತಾರೆ. ಕೊನೆಗೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಮೆಲ್ಲಗೆ ನೀರು ಬಿಡುತ್ತಾರೆ.

ಪ್ರಶ್ನೆ ಹುಟ್ಟುವುದು ಈ ಕೆಲಸದ ನಡುವೆಯೇ. ಕಾರ್ಖಾನೆಯಿಂದ ಹೊರಟಾಗ ಇದ್ದಂಥದೇ ರಬ್ಬರನ್ನು, ಇದ್ದಂತೆಯೇ ಹಾಕಬೇಕೆ? ಅಥವಾ ಇವತ್ತು ಸಿಗುವ ಒಳ್ಳೆಯ ವಸ್ತು, ಒಳ್ಳೆಯ ಆಕಾರ ಬಳಸಿ ಸೋರದ ಹಾಗೆ ಮಾಡಬೇಕೆ? ಅಥವಾ ಮುಟ್ಟದೆ, ವಯಸ್ಸಾದ ಹಾಗೆಯೇ ಬಿಡಬೇಕೆ?

ಮೊದಲ ಉತ್ತರಕ್ಕೆ ಒಂದು ಸಂಘಟಿತ ಪರಂಪರೆಯೇ ಇದೆ. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಕಾರುಗಳನ್ನು ಅಳೆಯುವುದು ‘ಕಾರ್ಖಾನೆಯಿಂದ ಹೊರಟಾಗ ಹೇಗಿತ್ತು’ ಎಂಬ ಮಾನದಂಡದಿಂದ. ಇಲ್ಲಿ ಅತಿ ಚೆಂದವೂ ತಪ್ಪೇ. ಅಂದಿನ ಕಾರ್ಖಾನೆಯ ಬಣ್ಣ ಕಿತ್ತಳೆ ಸಿಪ್ಪೆಯಂತೆ ತುಸು ಒರಟಾಗಿದ್ದರೆ, ಕಾಣದ ಭಾಗಗಳಲ್ಲಿ ಬಣ್ಣ ಸಿಡಿದಿದ್ದರೆ, ಕನ್ನಡಿಯಂತೆ ಹೊಳೆಯುವ ಕಾರಿಗಿಂತ ಆ ಒರಟುತನ ಉಳಿಸಿಕೊಂಡ ಕಾರು ಹೆಚ್ಚು ನಿಜ. ಇದರ ಹಿಂದಿರುವ ನೈತಿಕತೆ ನನಗೆ ಇಷ್ಟವಾಗುತ್ತದೆ: ಗತಕಾಲವನ್ನು ನಮ್ಮ ಅಭಿರುಚಿಗೆ ತಕ್ಕಂತೆ ತಿದ್ದುವ ಹಕ್ಕು ನಮಗಿಲ್ಲ ಎಂಬ ವಿನಯ ಅದರಲ್ಲಿದೆ. ಆದರೆ ಅಲ್ಲೊಂದು ತೊಡಕೂ ಇದೆ. ಅಸೆಂಬ್ಲಿ ಲೈನಿನ ಆತುರದಲ್ಲಿ ಕೆಲಸಗಾರನೊಬ್ಬನ ಕೈಯಿಂದ ಸಿಡಿದ ಬಣ್ಣವನ್ನು, ಐವತ್ತು ವರ್ಷಗಳ ನಂತರ ಇನ್ನೊಬ್ಬ ಬಿಡುವಾಗಿ ಕೂತು, ಫೋಟೊ ನೋಡಿಕೊಂಡು ಸಿಡಿಸುತ್ತಾನೆ. ಮೊದಲಿನದು ಅಜಾಗ್ರತೆ. ಎರಡನೆಯದು ಅಜಾಗ್ರತೆಯ ಅಭಿನಯ. ನೋಡಲು ಎರಡೂ ಒಂದೇ, ಕ್ರಿಯೆಯಾಗಿ ಎರಡಕ್ಕೂ ಸಂಬಂಧವಿಲ್ಲ. ಸೋರುವ ಮಾಡನ್ನು ಬೇಕೆಂದೇ ಸೋರುವಂತೆ ಮಾಡಿದರೆ ಆ ಸೋರಿಕೆಯ ಹೊಣೆ 1968ರ ಕಾರ್ಖಾನೆಯದಲ್ಲ, ಮಾಡಿದವನದು.

ಮೂರನೆಯ ಉತ್ತರವಾದ ‘ಮುಟ್ಟಬೇಡಿ’ ಎಂಬುದಕ್ಕೆ ಇನ್ನೂ ಹಿರಿಯ ವಕೀಲರಿದ್ದಾರೆ. ಜಾನ್ ರಸ್ಕಿನ್ 1849ರಲ್ಲಿ ಬರೆದ ವಾಸ್ತುಶಿಲ್ಪದ ಪುಸ್ತಕದಲ್ಲಿ, ಹಳೆಯ ಕಟ್ಟಡವನ್ನು ಮರಳಿ ಮೊದಲಿನಂತೆ ಮಾಡುವುದನ್ನು ಸುಳ್ಳೆಂದೇ ಕರೆದ. ಸತ್ತವರ ಕೈಯ ಗುರುತನ್ನು ಬದುಕಿರುವವರು ಮರಳಿ ಮೂಡಿಸಲಾರರು ಎಂಬುದು ಅವನ ವಾದ. ವಿಯೆನ್ನಾದ ಕಲಾಚರಿತ್ರೆಕಾರ ಅಲೋಯ್ಸ್ ರೀಗ್ಲ್ 1903ರಲ್ಲಿ ಇದಕ್ಕೊಂದು ಹೆಸರನ್ನೂ ಕೊಟ್ಟ: ವಸ್ತುವಿನ ವಯಸ್ಸಿಗೇ ಒಂದು ಮೌಲ್ಯವಿದೆ. ಸವೆದ ಆಸನ, ಮಂಕಾದ ಬಣ್ಣ, ಪಟ್ಟಿ ಉಜ್ಜಿ ಉಜ್ಜಿ ಹಲಗೆಯ ಮೇಲೆ ಬಿದ್ದ ಗೆರೆ ಇವು ಕಾಲದ ಸಹಿ. ಅಳಿಸಿದರೆ ಮತ್ತೆ ಬಾರದು.

ಈ ವಾದವನ್ನು ನಾನು ಬಹುಪಾಲು ಒಪ್ಪುತ್ತೇನೆ. ಒಪ್ಪಲಾಗದ ಜಾಗ ಯಾವುದೆಂದು ಕಾರ್ವೆಟ್ಟೇ ತೋರಿಸಿಕೊಡುತ್ತದೆ. ಇದರ ಹೊರಮೈ ಫೈಬರ್‌ಗ್ಲಾಸ್. ಅದು ತುಕ್ಕು ಹಿಡಿಯುವುದಿಲ್ಲ. ಆದರೆ ಆ ಚರ್ಮದ ಒಳಗೆ, ಮುಂಗಾಜು, ಬಾಗಿಲು, ಮಾಡಿನ ಕಮಾನುಗಳನ್ನು ಹಿಡಿದಿಟ್ಟ ಉಕ್ಕಿನ ಅಸ್ಥಿಪಂಜರವೊಂದಿದೆ. ಕಾರ್ವೆಟ್ ಬಲ್ಲವರು ಅದನ್ನು ‘ಬರ್ಡ್‌ಕೇಜ್’, ಎಂದರೆ ಹಕ್ಕಿಯ ಪಂಜರ ಎನ್ನುತ್ತಾರೆ. ಮಾಡಿನ ಸಂದಿನಿಂದ ಇಳಿದ ನೀರು ಆಸನ ನೆನೆಸಿ ಸುಮ್ಮನಾಗುವುದಿಲ್ಲ. ಮುಂಗಾಜಿನ ಚೌಕಟ್ಟಿನ ಒಳಗೆ, ಕಂಬದ ಬುಡದಲ್ಲಿ, ಕಾಣದ ಮೂಲೆಗಳಲ್ಲಿ ನಿಂತು ಉಕ್ಕನ್ನು ತಿನ್ನುತ್ತದೆ. ಹೊರಗೆ ಕಾರು ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಮೂಳೆ ಪುಡಿಯಾಗಿರುತ್ತದೆ. ಅಪಘಾತವಾದರೆ ಮನುಷ್ಯರನ್ನು ಕಾಯಬೇಕಾದ ಚೌಕಟ್ಟೇ ಅದು.

ಇಲ್ಲಿಂದ ನನಗೆ ಕಾಣುವ ವ್ಯತ್ಯಾಸ ಗಾಯಕ್ಕೂ ಗಾಯದ ಕಲೆಗೂ ಇರುವಂಥದು. ಕಲೆ ಎಂದರೆ ಮುಗಿದುಹೋದ ಘಟನೆಯ ನೆನಪು. ಗಾಯ ಇನ್ನೂ ನಡೆಯುತ್ತಿರುವ ಘಟನೆ. ಹಲಗೆಯ ಮೇಲಿನ ಗೆರೆ ಕಲೆ. ಮಂಕಾದ ಬಣ್ಣ ಕಲೆ. ಅವು ಏನನ್ನೂ ತಿನ್ನುತ್ತಿಲ್ಲ, ಹೇಳುತ್ತಿವೆ ಅಷ್ಟೆ. ಸೋರಿಕೆ ಗಾಯ. ಅದನ್ನು ‘ಕಾಲದ ಸಹಿ’ ಎಂದು ಗೌರವಿಸುತ್ತ ಕೂತರೆ ಸಹಿ ಇರುವ ಕಾಗದವನ್ನೇ ಗೆದ್ದಲು ತಿನ್ನುತ್ತದೆ. ರಸ್ಕಿನ್‌ಗೂ ಇದು ಗೊತ್ತಿತ್ತು. ಮರುನಿರ್ಮಾಣವನ್ನು ಅಷ್ಟು ದ್ವೇಷಿಸಿದವನೇ, ಸಕಾಲದಲ್ಲಿ ಮಾಡಿಗೆ ನಾಲ್ಕು ಸೀಸದ ತಗಡು ಹೊದಿಸಿ, ನೀರು ಹರಿಯುವ ದಾರಿಯಲ್ಲಿನ ಎಲೆಕಡ್ಡಿ ತೆಗೆದರೆ ಕಟ್ಟಡ ಉಳಿಯುತ್ತದೆ ಎಂದು ಬುದ್ಧಿ ಹೇಳಿದ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಮಲೆನಾಡಿನವರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ಹಾಗಾದರೆ ಎರಡನೆಯ ಉತ್ತರವೇ ಸರಿಯೆ? ತಯಾರಿಸಿದವರ ಉದ್ದೇಶ ನೀರು ತಡೆಯುವುದೇ ಆಗಿತ್ತು. ಅವರಿಗೆ ಅಂದು ಸಾಧ್ಯವಾಗದ್ದನ್ನು ನಾವು ಇಂದು ಸಾಧಿಸಿಕೊಟ್ಟರೆ ಅವರಿಗೇ ನಿಷ್ಠರಾದಂತೆ ಅಲ್ಲವೆ? ಫ್ರಾನ್ಸಿನ ವಯೊಲೆ-ಲ-ದ್ಯುಕ್ ಇಂಥದೇ ಮಾತು ಹೇಳಿದವನು. ಅವನ ಪ್ರಕಾರ ಜೀರ್ಣೋದ್ಧಾರವೆಂದರೆ ಕಟ್ಟಡವನ್ನು ಒಂದು ಪೂರ್ಣ ಸ್ಥಿತಿಗೆ ತರುವುದು, ಆ ಸ್ಥಿತಿ ಚರಿತ್ರೆಯ ಯಾವ ಕ್ಷಣದಲ್ಲೂ ಇರದಿದ್ದರೂ ಸರಿ. ಅವನು ದಕ್ಷಿಣ ಫ್ರಾನ್ಸಿನ ಕಾರ್ಕಸೊನ್ ಕೋಟೆಯ ಗೋಪುರಗಳಿಗೆ ಚೂಪಾದ ಸ್ಲೇಟಿನ ಮಾಡುಗಳನ್ನು ತೊಡಿಸಿದ. ಅವು ಉತ್ತರದ ಸೀಮೆಯ ಮಾಡುಗಳು, ಈ ಊರಿಗೆ ಹೊಂದುವುದಿಲ್ಲ ಎಂಬ ಟೀಕೆ ಇಂದಿಗೂ ಇದೆ.

‘ಉದ್ದೇಶಕ್ಕೆ ನಿಷ್ಠೆ’ ಎಂಬ ವಾದ ಎಷ್ಟು ಅಪಾಯದ್ದು ಎಂಬುದಕ್ಕೂ ನಮ್ಮ ಕಾರೇ ಸಾಕ್ಷಿ. ಮೂರನೇ ಪೀಳಿಗೆಯ ಕಾರ್ವೆಟ್‌ನ ವಿನ್ಯಾಸಕಾರರು ಮೊದಲು ಬಯಸಿದ್ದು ನಡುವೆ ತೊಲೆಯಿಲ್ಲದ, ಒಂದೇ ಹಲಗೆಯ ಮಾಡನ್ನು. ಆದರೆ ಅಂಥ ಮಾಡಿನ ಮಾದರಿ ಕಾರಿನ ಮೈ ತಿರುಚಿಕೊಳ್ಳುತ್ತಿತ್ತು, ಕಿರುಗುಡುತ್ತಿತ್ತು. ಅದನ್ನು ಬಿಗಿ ಮಾಡಲು ನಡುವೆ ತೊಲೆ ಬಂತು. ಎಂದರೆ ಇವತ್ತು ಜನ ಪ್ರೀತಿಸುವ, ಹೆಸರಿಟ್ಟು ಕರೆಯುವ ಆ ‘ಟಿ’ ಆಕಾರವೇ ವಿನ್ಯಾಸಕಾರರ ಸೋಲಿನ ಗುರುತು. ಒಂದೇ ಹಲಗೆಯ ಮಾಡು ಬಂದದ್ದು ಮುಂದಿನ ಪೀಳಿಗೆಯ 1984ರ ಮಾದರಿಯಲ್ಲಿ. ಉದ್ದೇಶವೇ ಪ್ರಮಾಣ ಎನ್ನುವವನು 1968ರ ಕಾರಿನ ಮೈಯನ್ನು ಇಂದಿನ ತಂತ್ರದಿಂದ ಗಟ್ಟಿ ಮಾಡಿ ನಡುವಿನ ತೊಲೆಯನ್ನು ಕತ್ತರಿಸಬೇಕಾಗುತ್ತದೆ. ಹಾಗೆ ಮಾಡಿದರೆ ಉದ್ದೇಶ ಈಡೇರುತ್ತದೆ, ಕಾರು ಸಾಯುತ್ತದೆ. ಮಾಡಬೇಕೆಂದಿದ್ದದ್ದಕ್ಕಿಂತ ಮಾಡಿದ್ದು ದೊಡ್ಡದು. ಸೋಲು, ರಾಜಿ, ಅನಿವಾರ್ಯತೆಗಳು ಸೇರಿಯೇ ವಸ್ತು ತಾನಾಗಿರುತ್ತದೆ.

ಆದ್ದರಿಂದ ನನ್ನ ಉತ್ತರ ಎರಡನೆಯದಕ್ಕೆ ಹತ್ತಿರವಿದ್ದರೂ ಅದಕ್ಕೊಂದು ಅಂಕೆ ಬೇಕು. ಗಾಯವನ್ನು ವಾಸಿ ಮಾಡಲು ಬೇಕಾದಷ್ಟನ್ನೇ ಬದಲಿಸಬೇಕು. ಒಳ್ಳೆಯ ರಬ್ಬರು ಬರಲಿ, ನೀರು ನಿಲ್ಲಲಿ, ತುಕ್ಕು ಹಿಡಿದ ಉಕ್ಕು ಹೋಗಿ ಹೊಸ ಉಕ್ಕು ಕೂಡಲಿ. ತೊಲೆ, ಹಲಗೆ, ಚಿಲಕದ ಗಡಸುತನ, ಪಟ್ಟಿಯ ಗೆರೆ ಇವು ಇರಲಿ.

ಇಷ್ಟಾದರೂ ಹಳೆಯ ಸಂಶಯ ಬಿಡುವುದಿಲ್ಲ: ಬದಲಿಸುತ್ತ ಹೋದರೆ ಇದು ಅದೇ ಕಾರಾಗಿ ಉಳಿಯುತ್ತದೆಯೆ? ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜನ ರಥವನ್ನು ಮಾತಿನಲ್ಲೇ ಬಿಚ್ಚಿಡುತ್ತಾನೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ಎಲ್ಲ ಬಿಡಿಭಾಗಗಳ ರಾಶಿಯೂ ರಥವಲ್ಲ. ಭಾಗಗಳು ಕೂಡಿದಾಗ ನಾವು ಕರೆಯುವ ಹೆಸರು ಅದು. ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೂ ಬಂತು. 1929 ಮತ್ತು 1930ರಲ್ಲಿ ಲ ಮಾನ್ ರೇಸು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಕೊಳ್ಳಲು 1 ಕೋಟಿ ಪೌಂಡಿಗೆ ಒಪ್ಪಂದವಾಗಿತ್ತು. ಅದರಲ್ಲಿ ಮೂಲ ಕಾರಿನ ಭಾಗಗಳು ಬಹಳ ಕಡಿಮೆ ಉಳಿದಿವೆ, ಆದ್ದರಿಂದ ಇದು ಆ ಕಾರೇ ಅಲ್ಲ ಎಂದು ಕೊಳ್ಳಬೇಕಿದ್ದವರು ಹಿಂದೆಗೆದರು. ನ್ಯಾಯಾಧೀಶರು ಅದು ‘ಓಲ್ಡ್ ನಂಬರ್ ಒನ್’ ಹೌದೆಂದೇ ತೀರ್ಪಿತ್ತರು. ರೇಸಿನ ಕಾರು ಎಂದಮೇಲೆ ಮುರಿಯುತ್ತದೆ, ಭಾಗಗಳು ಬದಲಾಗುತ್ತವೆ. ಬದಲಾವಣೆಯ ಹಿಂದೆ ಕಡಿಯದ ಒಂದು ಚರಿತ್ರೆಯಿದ್ದರೆ ಕಾರು ಅದೇ. ಲೋಹವಲ್ಲ, ಲೋಹದ ಕಥೆ ಒಂದೇ ಆಗಿರಬೇಕು.

ನಮ್ಮ ಭಾಷೆಯಲ್ಲಿ ಸ್ಥಾವರ, ಜಂಗಮ ಎಂಬ ಜೋಡಿ ಪದಗಳಿವೆ. ಇಪ್ಪತ್ತನೇ ಶತಮಾನದ ಭಾರತೀಯ ಪುರಾತತ್ವಕ್ಕೆ ದಾರಿ ಹಾಕಿಕೊಟ್ಟ ಜಾನ್ ಮಾರ್ಷಲ್, 1923ರ ಸಂರಕ್ಷಣೆಯ ಕೈಪಿಡಿಯಲ್ಲಿ, ಹಳೆಯ ಸ್ಮಾರಕವನ್ನು ಉಳಿಸುವುದು ಮುಖ್ಯ, ಹೊಸದು ಮಾಡುವುದಲ್ಲ ಎಂಬ ನಿಲುವು ತಳೆದರು. ಊರಿನ ಜನರ ಜೀರ್ಣೋದ್ಧಾರದ ಕಲ್ಪನೆ ಬೇರೆ: ಪೂಜೆ ನಡೆಯುವ ಗುಡಿ ಹಾಳಾಗಿದ್ದರೆ ಕಟ್ಟಿ ಮತ್ತೆ ಪೂಜೆ ನಡೆಸಬೇಕು. ಒಂದಕ್ಕೆ ಗುಡಿ ಸಾಕ್ಷ್ಯ, ಇನ್ನೊಂದಕ್ಕೆ ಗುಡಿ ಬದುಕು. ಚಲಿಸದ ಕಲ್ಲಿನ ವಿಷಯದಲ್ಲೇ ಇಷ್ಟು ಜಗ್ಗಾಟವಿರುವಾಗ ಚಲಿಸುವುದೇ ಧರ್ಮವಾದ ವಾಹನವನ್ನು ಮುಟ್ಟದೆ ಗಾಜಿನ ಹಿಂದೆ ಇಟ್ಟರೆ ಉಳಿಸಿದ್ದು ಕಾರಿನ ದೇಹವನ್ನು ಮಾತ್ರ. ಜಂಗಮವನ್ನು ಜಂಗಮವಾಗಿಯೇ ಉಳಿಸಬೇಕಾದರೆ ಅದು ಮಳೆಯಲ್ಲಿ ಹೋಗಿಬರುವಂತಿರಬೇಕು.

ಹಾಗಿದ್ದರೆ ಸಾಕ್ಷ್ಯದ ಗತಿ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕಾರಿನವರಿಂದಲ್ಲ, ನಾನು ಓದುತ್ತಿರುವ ವಿಷಯದಿಂದ. ಕನ್ನಡದ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಎಂದಾದರೂ ಗ್ರಂಥಸಂಪಾದನೆಯ ಮುಂದೆ ಕೂತವರೇ. ಓಲೆಯಲ್ಲಿ ಲಿಪಿಕಾರ ಒಂದು ಅಕ್ಷರ ತಪ್ಪಿದ್ದಾನೆ, ಛಂದಸ್ಸು ಕೆಟ್ಟಿದೆ, ಅರ್ಥ ಹೊರಡುತ್ತಿಲ್ಲ. ತಿದ್ದಬೇಕೆ, ಹಾಗೆಯೇ ಅಚ್ಚು ಮಾಡಬೇಕೆ? ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ ಅವರಂಥ ಹಿರಿಯರ ದಾರಿ ನಮಗೆ ಕಲಿಸುವುದು ಒಂದು ಸರಳ ಶಿಸ್ತನ್ನು. ತಿದ್ದು, ಆದರೆ ತಿದ್ದಿದ್ದನ್ನು ಮುಚ್ಚಬೇಡ. ಮೇಲೆ ಶುದ್ಧಪಾಠವಿರಲಿ, ಪುಟದ ಅಡಿಯಲ್ಲಿ ಪ್ರತಿಯ ಪಾಠಾಂತರವಿರಲಿ. ಸಂಪಾದಕ ಸೋತಿದ್ದರೆ ನಾಳೆ ಬರುವ ಇನ್ನೊಬ್ಬ ಅಡಿಟಿಪ್ಪಣಿಯಿಂದ ಮೂಲಕ್ಕೆ ಮರಳಬಹುದು. ತಿದ್ದುವ ಧೈರ್ಯವನ್ನು ನೈತಿಕವಾಗಿಸುವುದು ಈ ಮರಳುವ ದಾರಿಯೇ. 1964ರ ವೆನಿಸ್ ಸನ್ನದು ಕಟ್ಟಡಗಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಹೊಸದಾಗಿ ಕೂರಿಸಿದ ಭಾಗ ಹಳೆಯದರೊಡನೆ ಹೊಂದಬೇಕು, ಆದರೆ ಹೊಸದೆಂದು ಗುರುತು ಸಿಗಬೇಕು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಸನ್ನದು ಕೂಡ ಮಾಡಿದ ಕೆಲಸವನ್ನೆಲ್ಲ ದಾಖಲಿಸಿ ಎನ್ನುತ್ತದೆ.

ಕಾರಿನ ಮಾಡಿಗೂ ಅಡಿಟಿಪ್ಪಣಿ ಬರೆಯಬಹುದು. ಕಿತ್ತ ರಬ್ಬರಿನ ಒಂದು ತುಂಡನ್ನು ಎಸೆಯದೆ ಹೆಸರು ಬರೆದು ಇಡಬಹುದು. ಬಿಚ್ಚುವ ಮೊದಲು ಪ್ರತಿ ಮೂಲೆಯ ಫೋಟೊ ತೆಗೆಯಬಹುದು. ಯಾವ ಉಕ್ಕನ್ನು ಎಷ್ಟು ಕತ್ತರಿಸಿದೆ, ಯಾವುದನ್ನು ಬೆಸೆದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಬಹುದು. ಇದು ಕಷ್ಟದ ಕೆಲಸವಲ್ಲ, ಆದರೆ ಮಾಡದಿರಲು ಬಲವಾದ ಆಮಿಷವಿದೆ. ಮೂಲ ಭಾಗಗಳಿಗೆ ಹೆಚ್ಚು ಬೆಲೆಯಿರುವ ಮಾರುಕಟ್ಟೆಯಲ್ಲಿ ಪ್ರಾಮಾಣಿಕ ಟಿಪ್ಪಣಿ ಬೆಲೆ ಇಳಿಸುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿದು, ಹೊಸ ರಬ್ಬರು ಕೂರಿಸಿ ಸುಮ್ಮನಿದ್ದರೆ ಕೊಳ್ಳುವವನಿಗೆ ಪಂಜರ ಕಾಣುವುದಿಲ್ಲ. ‘ನನ್ನ ಕಾರು, ನನ್ನ ದುಡ್ಡು, ಯಾರಿಗೆ ಲೆಕ್ಕ ಕೊಡಬೇಕು?’ ಎಂಬ ಪ್ರಶ್ನೆಯೂ ಸಹಜ. ಉತ್ತರ: ಮುಂದಿನವನಿಗೆ. ಆ ಮುಂಗಾಜಿನ ಹಿಂದೆ ನಾಳೆ ಕೂರುವವನ ಜೀವ ಈ ಮೌನದ ಮೇಲೆ ನಿಂತಿದೆ. ಕೊಟ್ಟ ದುಡ್ಡಿನಿಂದ ವಸ್ತುವಿನ ಮೇಲೆ ಹಕ್ಕು ಬರಬಹುದು, ಅದರ ಚರಿತ್ರೆಯನ್ನು ಅಳಿಸುವ ಹಕ್ಕು ಬರುವುದಿಲ್ಲ. ಆ ಚರಿತ್ರೆಯಲ್ಲಿ ನಾವು ಒಂದು ಅಧ್ಯಾಯ, ಕೊನೆಯ ಅಧ್ಯಾಯವಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಯಾವುದು ಗಾಯ, ಯಾವುದು ಕಲೆ ಎಂದು ತೀರ್ಮಾನಿಸುವವರು ಯಾರು? ಬಿರಿಯತೊಡಗಿದ ಬಣ್ಣ ಇಂದಿಗೆ ಕಲೆ, ಹತ್ತು ವರ್ಷಕ್ಕೆ ಗಾಯ. ತುಸು ಸವೆದ ಚಿಲಕ ಎರಡೂ ಹೌದು. ಇಲ್ಲಿ ನಿಯಮ ಸೋಲುತ್ತದೆ, ಕೈಯ ಅನುಭವ ಮತ್ತು ಹಿಂಜರಿಕೆ ಉಳಿಯುತ್ತವೆ. ಆದರೆ ನಿರ್ಣಯ ತಪ್ಪಾಗುವ ಸಾಧ್ಯತೆ ಇರುವುದರಿಂದಲೇ ಅಡಿಟಿಪ್ಪಣಿ ಬೇಕು. ಎಲ್ಲವೂ ಖಚಿತವಿದ್ದರೆ ಟಿಪ್ಪಣಿ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಕಾರು, ಗುಡಿ, ಕಾವ್ಯ, ಕುಟುಂಬದ ನೆನಪುಗಳು ಯಾವುವೂ ನಮಗೆ ಸೋರದ ಸ್ಥಿತಿಯಲ್ಲಿ ಸಿಗುವುದಿಲ್ಲ. ಹಿರಿಯರ ರಾಜಿಗಳೂ ಆತುರಗಳೂ ಅವುಗಳ ಸಂದುಗಳಲ್ಲಿರುತ್ತವೆ. ಹಿರಿಯರ ಮೇಲಿನ ಗೌರವದಿಂದ ನೆನೆಯುತ್ತ ಕೂರಬೇಕಿಲ್ಲ. ನಮಗೆ ತಿಳುವಳಿಕೆ ಹೆಚ್ಚಿದೆ ಎಂಬ ಜಂಬದಿಂದ ಅವರ ತೊಲೆಯನ್ನು ಕತ್ತರಿಸಬೇಕಿಲ್ಲ. ನೀರು ಬರುವ ಮೂಲೆಯನ್ನು ಹುಡುಕಿ, ಮುಚ್ಚಿ, ಎಲ್ಲಿ ಮುಚ್ಚಿದೆವೆಂದು ಬರೆದಿಟ್ಟರೆ ನಮ್ಮ ಪಾಲಿನ ಕೆಲಸ ಮುಗಿಯಿತು.